ಪಕ್ಕವಾದ್ಯದವರ ತನಿ

ಹೆಸರಾಂತ ಸಂಗೀತತಂಡವೊಂದು ಅವಿಭಕ್ತ ಕುಟುಂಬವಿದ್ದಂತೆ. ಬೀದಿಯಲ್ಲಿ ನಿಂತು ನೋಡುವವರಿಗೆ ಕಾಣುವುದು ಒಂದೇ ತಲೆಬಾಗಿಲು, ಒಂದೇ ಮನೆತನದ ಹೆಸರು. ಒಳಗೆ ಯಾರ ಮಾತು ನಡೆಯುತ್ತದೆ, ಯಾರು ಏನನ್ನೋ ಹೇಳಹೊರಟು ಹಾಗೆಯೇ ಸುಮ್ಮನಾಗುತ್ತಾರೆ ಎಂಬುದು ಹೊರಗಿನವರಿಗೆ ತಿಳಿಯದು. ಎಂದೋ ಒಂದು ದಿನ ಹಿತ್ತಿಲ ಕಡೆಯಿಂದ ಇನ್ನೊಂದು ಒಲೆಯ ಹೊಗೆ ಎದ್ದಾಗ ಮಾತ್ರ ಊರಿನವರು ಮೂಗಿನ ಮೇಲೆ ಬೆರಳಿಡುತ್ತಾರೆ: "ಇಷ್ಟು ದೊಡ್ಡ ಮನೆ, ಇವರಿಗೇನು ಕೊರತೆಯಾಗಿತ್ತು?"

ಪಾಶ್ಚಾತ್ಯ ದೇಶಗಳ ರಾಕ್ ಸಂಗೀತದ ಇತಿಹಾಸದಲ್ಲಿ ಈ ಎರಡನೆಯ ಒಲೆಯ ಕಥೆ ಮತ್ತೆ ಮತ್ತೆ ಬರುತ್ತದೆ. ಲೋಕಪ್ರಸಿದ್ಧವಾದ ತಂಡದಲ್ಲಿರುವವನೊಬ್ಬ, ತಂಡವನ್ನು ಬಿಡದೆಯೇ, ತನ್ನ ಹೆಸರಿನಲ್ಲಿ ಒಂದು ಧ್ವನಿಮುದ್ರಿಕೆಯನ್ನು ಹೊರತರುತ್ತಾನೆ. ಇಲ್ಲವೇ ಬೇರೆ ಗೆಳೆಯರನ್ನು ಕೂಡಿಸಿಕೊಂಡು ಇನ್ನೊಂದು ಚಿಕ್ಕ ತಂಡವನ್ನು ಕಟ್ಟುತ್ತಾನೆ. ಅಭಿಮಾನಿಗಳು ಅದನ್ನು ದ್ರೋಹವೆಂದು ಬಗೆಯುವುದುಂಟು. ಮನೆ ಮುರಿಯಿತೆಂದು ಪತ್ರಿಕೆಗಳು ಬರೆಯುವುದುಂಟು. ಆದರೆ ಆ ಒಲೆ ಏಕೆ ಹೊತ್ತಿತು, ಅದರಲ್ಲಿ ಬೆಂದುದೇನು ಎಂದು ವಿಚಾರಿಸಿ ನೋಡಿದರೆ ಕಥೆ ಬೇರೆಯಾಗಿಯೇ ತೋರುತ್ತದೆ.

ಕರ್ನಾಟಕ ಸಂಗೀತದ ಕಚೇರಿಗಳನ್ನು ಕೇಳಿ ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಎರಡು ಗಂಟೆಗಳ ಕಾಲ ಮೃದಂಗದ ವಿದ್ವಾಂಸರು ಗಾಯಕರ ನೆರಳಿನಂತೆ ನಡೆಯುತ್ತಾರೆ. ಗಾಯಕರು ಎತ್ತಿದ ನಡೆಯನ್ನು ತಾವೂ ಎತ್ತಿ, ಇಳಿಸಿದಾಗ ತಾವೂ ಇಳಿಸುತ್ತಾರೆ. ಮುಖ್ಯ ಕೃತಿಯ ಕೊನೆಗೆ ಬಂದಾಗ ಗಾಯಕರು ಬರಿಯ ತಾಳವನ್ನು ಹಿಡಿದು ಮೌನವಾಗುತ್ತಾರೆ. ತನಿ ಆವರ್ತನ ಮೊದಲಾಗುತ್ತದೆ. ಆ ಹೊತ್ತು ಸಭೆಯೆಲ್ಲ ಪಕ್ಕವಾದ್ಯದವರದು. ಹಿಂದೆ ಕುಳಿತವರಿಗೂ ಹೇಳಲು ಮಾತಿದೆ ಎಂಬುದನ್ನು ಒಪ್ಪಿ, ಅದಕ್ಕೊಂದು ಕಾಲವನ್ನು ಕಚೇರಿಯ ಕ್ರಮದಲ್ಲಿಯೇ ಕಟ್ಟಿಕೊಟ್ಟ ಹಿರಿಯರ ಜಾಣತನ ಸಾಮಾನ್ಯವಾದುದಲ್ಲ.

ರಾಕ್ ತಂಡಗಳಲ್ಲಿಯೂ ಡ್ರಮ್ಮಿನವನಿಗೆ ಒಂಟಿಯಾಗಿ ಬಾರಿಸಲು ಕೆಲವು ನಿಮಿಷಗಳು ದೊರೆಯುತ್ತವೆ, ನಿಜ. ಆದರೆ ಅಲ್ಲಿ ಅಧಿಕಾರವಿರುವುದು ಬಾರಿಸುವವನ ಕೈಯಲ್ಲಿ ಅಲ್ಲ, ಹಾಡು ಕಟ್ಟುವವನ ಕೈಯಲ್ಲಿ. ಹಳೆಯ ಕಾಲದ ದೊಡ್ಡ ತಟ್ಟೆಯೊಂದರಲ್ಲಿ ಸುಮಾರು 40 ನಿಮಿಷಗಳ ಸಂಗೀತಕ್ಕೆ ಮಾತ್ರ ಎಡೆ. ಒಬ್ಬನ ಹಾಡು ಒಳಕ್ಕೆ ಬರಬೇಕಾದರೆ ಮತ್ತೊಬ್ಬನದು ಹೊರಗುಳಿಯಲೇಬೇಕು. ಅದರ ಹಿಂದೆ ಹಣದ ಲೆಕ್ಕವೂ ಇದೆ. ತಟ್ಟೆ ಮಾರಾಟವಾದಾಗ ಬರುವ ತಂಡದ ಪಾಲಿನಲ್ಲಿ ಎಲ್ಲರಿಗೂ ಹಂಚಿಕೆಯುಂಟು. ಹಾಡನ್ನು ರಚಿಸಿದವನಿಗೆ ಕೃತಿಸ್ವಾಮ್ಯದ ರಾಯಲ್ಟಿ ಬೇರೆ. ಆ ಹಾಡು ರೇಡಿಯೋದಲ್ಲಿ ಕೇಳಿಬಂದಾಗಲೂ, ಮತ್ತೊಬ್ಬರು ಅದನ್ನು ಹಾಡಿ ಮುದ್ರಿಸಿದಾಗಲೂ ಅದು ಅವನಿಗೇ ಸಲ್ಲುತ್ತದೆ. ಹೀಗೆ ಒಂದೇ ಮನೆಯಲ್ಲಿ, ಒಂದೇ ಕೀರ್ತಿಯ ಕೆಳಗೆ, ಒಬ್ಬ ಯಜಮಾನನಾಗುತ್ತಾನೆ. ಮತ್ತೊಬ್ಬ ಪಕ್ಕವಾದ್ಯದವನಾಗಿಯೇ ಉಳಿಯುತ್ತಾನೆ.

ಮೂರನೆಯವನ ಪಾಲು

ಇದಕ್ಕೆ ಜಾರ್ಜ್ ಹ್ಯಾರಿಸನ್ನನಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀಟಲ್ಸ್ ತಂಡದ ನಾಲ್ವರಲ್ಲಿ ಆತನೇ ಎಲ್ಲರಿಗಿಂತ ಕಿರಿಯ, ಹುಟ್ಟಿದ್ದು 1943ರಲ್ಲಿ. ಶಾಲೆಗೆ ಹೋಗುವ ಬಸ್ಸಿನಲ್ಲಿ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಆ ಗೆಳೆತನದಿಂದ ಜಾನ್ ಲೆನನ್ನನ ತಂಡಕ್ಕೆ ಪ್ರವೇಶ ದೊರೆಯಿತು. ಲೆನನ್ ಮತ್ತು ಮೆಕಾರ್ಟ್ನಿ ಇಬ್ಬರೂ ಹಾಡು ಕಟ್ಟುವುದರಲ್ಲಿ ಅಸಾಧಾರಣ ಪ್ರತಿಭೆಯವರು. ಇಬ್ಬರ ಹೆಸರನ್ನೂ ಜೋಡಿಸಿಯೇ ಹಾಡುಗಳನ್ನು ಪ್ರಕಟಿಸುವುದೆಂದು ಅವರವರಲ್ಲೇ ಒಪ್ಪಂದವಾಗಿತ್ತು. ಇಂಥ ಇಬ್ಬರು ಅಣ್ಣಂದಿರ ನಡುವೆ ಮೂರನೆಯವನಾಗಿ ಬೆಳೆಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

1963ರಲ್ಲಿ ಬಂದ ತಂಡದ ಎರಡನೆಯ ಆಲ್ಬಮಿನ 14 ಹಾಡುಗಳಲ್ಲಿ ಹ್ಯಾರಿಸನ್ ರಚಿಸಿದ್ದು ಒಂದೇ ಒಂದು. 1964ರಲ್ಲಿ ಬಂದ ಎರಡು ಆಲ್ಬಮುಗಳಲ್ಲಿ ಅದೂ ಇಲ್ಲ. ಅನಂತರ ಒಂದೊಂದು ತಟ್ಟೆಗೆ ಎರಡು ಹಾಡುಗಳ ಪಾಲು ದೊರೆಯಿತು. 1966ರ 'ರಿವಾಲ್ವರ್' ಆಲ್ಬಮಿನಲ್ಲಿ ಮಾತ್ರ ಮೂರು. 1968ರಲ್ಲಿ ಎರಡು ತಟ್ಟೆಗಳ, 30 ಹಾಡುಗಳ ದೊಡ್ಡ ಆಲ್ಬಂ ಬಂದಾಗಲೂ ಆತನ ಪಾಲಿಗೆ ಬಂದದ್ದು ನಾಲ್ಕೇ. ಅಷ್ಟು ಹೊತ್ತಿಗೆ ಆತ ಕಟ್ಟುತ್ತಿದ್ದ ಹಾಡುಗಳು ಆ ಪಾಲನ್ನು ಮೀರಿ ಹೋಗಿದ್ದವು. ಅವನ್ನು ಹಾಡಲು ಎಡೆಯೆಲ್ಲಿ?

ಈ ನಡುವೆ ಆತನ ಕಿವಿ ಪೂರ್ವದ ಕಡೆಗೆ ತಿರುಗಿತ್ತು. 1965ರಲ್ಲಿ ಚಲನಚಿತ್ರವೊಂದರ ಚಿತ್ರೀಕರಣದ ವೇಳೆಯಲ್ಲಿ ಸಿತಾರ್ ವಾದ್ಯ ಆತನ ಕಣ್ಣಿಗೆ ಬಿತ್ತು. ಮರುವರ್ಷ ಪಂಡಿತ ರವಿಶಂಕರರ ಭೇಟಿಯಾಯಿತು. ಸೆಪ್ಟೆಂಬರಿನಲ್ಲಿ ಹ್ಯಾರಿಸನ್ ಭಾರತಕ್ಕೆ ಬಂದು ಅವರ ಬಳಿ ಶಿಷ್ಯವೃತ್ತಿ ಹಿಡಿದ. ಅದರ ಫಲವಾಗಿ 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮಿನಲ್ಲಿ ಆತ ರಚಿಸಿದ ಒಂದು ಹಾಡಿನ ತುಂಬ ದಿಲ್ರುಬಾ, ತಂಬೂರಿ, ತಬಲಗಳ ನಾದ. ವಿಶೇಷವೆಂದರೆ ಆ ಹಾಡಿನಲ್ಲಿ ಬೀಟಲ್ಸ್ ತಂಡದ ಉಳಿದ ಮೂವರ ದನಿಯೂ ಇಲ್ಲ, ವಾದ್ಯವೂ ಇಲ್ಲ. ಹೆಸರು ತಂಡದ್ದು, ಹಾಡು ಒಬ್ಬನದು. ಒಲೆ ಇನ್ನೂ ಬೇರೆಯಾಗಿರಲಿಲ್ಲ. ಅಡುಗೆ ಮಾತ್ರ ಆಗಲೇ ಬೇರೆಯಾಗಿತ್ತು.

ಮುಂಬಯಿಯ ಧ್ವನಿಮುದ್ರಣ

1967ರ ಕೊನೆಯಲ್ಲಿ ಜೋ ಮಾಸೋ ಎಂಬ ನಿರ್ದೇಶಕ ತನ್ನ 'ವಂಡರ್‌ವಾಲ್' ಎಂಬ ಚಿತ್ರಕ್ಕೆ ಸಂಗೀತ ಒದಗಿಸುವಂತೆ ಹ್ಯಾರಿಸನ್ನನನ್ನು ಕೇಳಿದ. ಅಣ್ಣಂದಿರ ಅಪ್ಪಣೆಗೆ ಕಾಯಬೇಕಾಗಿಲ್ಲದ ಕೆಲಸ. ಅರ್ಧ ಭಾಗವನ್ನು ಲಂಡನ್ನಿನಲ್ಲಿ ಮುಗಿಸಿ, 1968ರ ಜನವರಿಯಲ್ಲಿ ಆತ ಮುಂಬಯಿಗೆ ಬಂದು ಎಚ್‌.ಎಂ.ವಿ. ಸಂಸ್ಥೆಯ ಸ್ಟುಡಿಯೋದಲ್ಲಿ ಹಿಂದೂಸ್ತಾನೀ ವಾದಕರೊಡನೆ ಕುಳಿತ. ಸಂತೂರಿನಲ್ಲಿ ಶಿವಕುಮಾರ ಶರ್ಮರಿದ್ದರು. ಷೆಹನಾಯಿ, ಸಿತಾರ್, ತಬಲಗಳ ವಾದಕರಿದ್ದರು. ಕೋಟ್ಯಂತರ ಜನರ ಕಣ್ಮಣಿಯಾಗಿದ್ದ ತರುಣ ಇಲ್ಲಿ ಗಿಟಾರನ್ನು ಬದಿಗಿಟ್ಟು, ಪರದೇಶದ ವಿದ್ವಾಂಸರ ವಾದನಕ್ಕೆ ಚೌಕಟ್ಟು ಕಟ್ಟುವವನಾದ.

ಅದೇ ವರ್ಷದ ನವೆಂಬರಿನಲ್ಲಿ 'ವಂಡರ್‌ವಾಲ್ ಮ್ಯೂಸಿಕ್' ಹೊರಬಂತು. ಬೀಟಲ್ಸ್ ತಂಡದವನೊಬ್ಬನ ಸ್ವಂತ ಹೆಸರಿನಲ್ಲಿ ಬಂದ ಮೊದಲನೆಯ ಆಲ್ಬಂ ಅದು. ತಂಡವೇ ಸ್ಥಾಪಿಸಿದ ಆಪಲ್ ಧ್ವನಿಮುದ್ರಣ ಸಂಸ್ಥೆ ಹೊರಡಿಸಿದ ಮೊದಲನೆಯ ಆಲ್ಬಮೂ ಅದೇ. ಹಾಡುಗಳ ಬದಲು ಚಿಕ್ಕ ಚಿಕ್ಕ ವಾದ್ಯಖಂಡಗಳೇ ತುಂಬಿದ್ದ ಅದನ್ನು ಕೊಂಡವರು ಬೀಟಲ್ಸರ ತಟ್ಟೆಗಳನ್ನು ಕೊಳ್ಳುವವರಷ್ಟು ಬಹುಮಂದಿಯೇನಲ್ಲ.

ಆದರೆ ಮುಂಬಯಿಯ ಆ ದಿನಗಳಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಚಿತ್ರದ ಸಂಗೀತ ಮುಗಿದ ಮೇಲೆ ಸ್ಟುಡಿಯೋದ ಸಮಯ ಉಳಿದಿತ್ತು. ಹ್ಯಾರಿಸನ್ ಅದೇ ವಾದಕರಿಂದ ತನ್ನ ಹೊಸ ಹಾಡೊಂದರ ವಾದ್ಯಭಾಗವನ್ನು ನುಡಿಸಿ ಮುದ್ರಿಸಿಕೊಂಡ. ಲಂಡನ್ನಿಗೆ ಹಿಂದಿರುಗಿದ ಮೇಲೆ ಅದರ ಮೇಲೆ ದನಿ ಸೇರಿಸಿದ. ಚೀನದ ತಾವೋ ಗ್ರಂಥದ ಭಾವವನ್ನು ಹೊತ್ತ 'ದಿ ಇನ್ನರ್ ಲೈಟ್' ಎಂಬ ಆ ಹಾಡು 1968ರ ಮಾರ್ಚಿನಲ್ಲಿ ಬೀಟಲ್ಸ್ ತಂಡದ ಚಿಕ್ಕ ತಟ್ಟೆಯೊಂದರ ಹಿಂಬದಿಯಲ್ಲಿ ಪ್ರಕಟವಾಯಿತು. ತಂಡದ ಚಿಕ್ಕ ತಟ್ಟೆಯ ಮೇಲೆ ಹ್ಯಾರಿಸನ್ನನ ರಚನೆಯೊಂದು ಬಂದದ್ದು ಅದೇ ಮೊದಲು. ಮನೆಯ ಒಳಗೆ ಐದು ವರ್ಷ ಕಾದರೂ ದೊರೆಯದ ಎಡೆ, ಹೊರಗೆ ಹೋಗಿ ಬಂದವನಿಗೆ ದೊರೆಯಿತು! ಹೊರಗಿನ ಒಲೆಯಲ್ಲಿ ಬೆಂದ ಅನ್ನ ದೊಡ್ಡ ಮನೆಯ ಎಲೆಗೂ ಬಿತ್ತು. ಪಕ್ಕದ ಕೆಲಸವೆಂದರೆ ಮನೆ ಮುರಿಯುವ ಕೆಲಸವೇ ಆಗಬೇಕಾಗಿಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ನಾಲ್ಕು ಒಲೆಗಳು

ಹೀಗಿದ್ದೂ ಆ ಮನೆ ಉಳಿಯಲಿಲ್ಲ. 1969ರ ಜನವರಿಯಲ್ಲಿ ಹೊಸ ಆಲ್ಬಮಿಗಾಗಿ ನಾಲ್ವರೂ ಸೇರಿದಾಗ ಹ್ಯಾರಿಸನ್ ತನ್ನ ಹಾಡುಗಳನ್ನು ಒಂದೊಂದಾಗಿ ಮುಂದಿಟ್ಟ. 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಎಂಬುದನ್ನು ತಂಡ ಹಲವು ಬಾರಿ ಅಭ್ಯಾಸ ಮಾಡಿತು, ಕೊನೆಗೆ ಕೈಬಿಟ್ಟಿತು. ಆ ತಿಂಗಳ 10ನೆಯ ತಾರೀಖು ಆತ ತಂಡವನ್ನು ಬಿಟ್ಟೆನೆಂದು ಎದ್ದು ಹೊರಟುಹೋದ. ಕೆಲವು ದಿನಗಳಲ್ಲಿ ಹಿಂದಿರುಗಿದನಾದರೂ ಒಡಕು ಕಾಣಿಸಿಕೊಂಡಿತ್ತು.

ಒಡಕು ಒಬ್ಬನದೇ ಆಗಿರಲಿಲ್ಲ. ಲೆನನ್ ತನ್ನ ಪತ್ನಿ ಯೋಕೋ ಓನೋಳೊಡನೆ 'ಪ್ಲಾಸ್ಟಿಕ್ ಓನೋ ಬ್ಯಾಂಡ್' ಎಂಬ ಹೆಸರಿನಲ್ಲಿ ಬೇರೆ ಹಾಡುಗಳನ್ನು ಹೊರತರತೊಡಗಿದ. 1969ರ ಸೆಪ್ಟೆಂಬರ್ 13ರಂದು ಕೆನಡಾದ ಟೊರಾಂಟೋ ನಗರದಲ್ಲಿ, ಅವಸರವಾಗಿ ಕೂಡಿಸಿದ ಗೆಳೆಯರೊಡನೆ ವೇದಿಕೆಯ ಮೇಲೆ ನಿಂತ. ಹಿಂದಿರುಗಿದ ಒಂದು ವಾರದೊಳಗೇ ತಾನು ಬೀಟಲ್ಸ್ ತಂಡವನ್ನು ಬಿಡುವೆನೆಂದು ಉಳಿದವರಿಗೆ ಹೇಳಿದ. ಡ್ರಮ್ ಬಾರಿಸುವ ರಿಂಗೋ ಸ್ಟಾರ್ ತನ್ನ ಬಾಲ್ಯದಲ್ಲಿ ಮನೆಯವರು ಹಾಡುತ್ತಿದ್ದ ಹಳೆಯ ಹಾಡುಗಳನ್ನೆಲ್ಲ ಕೂಡಿಸಿ 1970ರ ಮಾರ್ಚಿನಲ್ಲಿ ಒಂದು ಆಲ್ಬಂ ತಂದ. ಮೆಕಾರ್ಟ್ನಿ ತನ್ನ ಸ್ವಂತ ಆಲ್ಬಮಿನ ಜೊತೆಗೆ ಪತ್ರಿಕೆಗಳಿಗೆ ಕಳುಹಿಸಿದ ಪ್ರಶ್ನೋತ್ತರದಿಂದಲೇ ತಂಡ ಮುಗಿಯಿತೆಂಬ ಸುದ್ದಿ 1970ರ ಏಪ್ರಿಲ್ 10ರಂದು ಲೋಕಕ್ಕೆ ತಿಳಿಯಿತು.

ಇದರಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಮನೆ ಕುಸಿಯುವ ಹೊತ್ತಿನಲ್ಲಿಯೇ ಕಿರಿಯವನ ಯೋಗ್ಯತೆ ಎಲ್ಲರಿಗೂ ಅರಿವಾಗಿತ್ತು. 1969ರ ಅಕ್ಟೋಬರಿನಲ್ಲಿ ಹ್ಯಾರಿಸನ್ನನ 'ಸಮ್‌ಥಿಂಗ್' ಎಂಬ ಹಾಡು ತಂಡದ ಚಿಕ್ಕ ತಟ್ಟೆಯ ಮುಂಬದಿಯಲ್ಲಿ, ಮೊದಲ ಬಾರಿಗೆ, ಪ್ರಕಟವಾಯಿತು. ಇಂದು ಬೀಟಲ್ಸರ ಅತ್ಯಂತ ಜನಪ್ರಿಯ ಹಾಡುಗಳ ಸಾಲಿನಲ್ಲಿ ಅದೂ ಇದೆ. ತನಿಗೆ ಅವಕಾಶ ಸಿಕ್ಕಿತು. ಆದರೆ ಕಚೇರಿ ಮುಗಿಯುವ ಹೊತ್ತಿಗೆ.

ಮನೆಯಿಂದ ಹೊರಬಿದ್ದ ಹ್ಯಾರಿಸನ್ 1970ರ ನವೆಂಬರಿನಲ್ಲಿ ಮೂರು ತಟ್ಟೆಗಳ ಬೃಹತ್ ಆಲ್ಬಂ ಒಂದನ್ನು ಜನರ ಮುಂದಿಟ್ಟ. ಅದಕ್ಕೆ ಆತ ಇಟ್ಟ ಹೆಸರು, ಹಿಂದೆ ತಂಡ ಕೈಬಿಟ್ಟ ಆ ಹಾಡಿನದೇ: 'ಆಲ್ ಥಿಂಗ್ಸ್ ಮಸ್ಟ್ ಪಾಸ್'. ವರ್ಷಗಟ್ಟಲೆ ಎಡೆಯಿಲ್ಲದೆ ಉಳಿದಿದ್ದ ಹಾಡುಗಳು ಒಡ್ಡು ಒಡೆದ ಕೆರೆಯಂತೆ ಹರಿದುಬಂದವು. ಅದರಲ್ಲಿದ್ದ 'ಮೈ ಸ್ವೀಟ್ ಲಾರ್ಡ್', ಕ್ರೈಸ್ತ ಸ್ತುತಿಪದವನ್ನೂ ಕೃಷ್ಣನಾಮವನ್ನೂ ಒಂದೇ ಹಾಡಿನಲ್ಲಿ ಕೂಡಿಸಿಕೊಂಡು, ಇಂಗ್ಲೆಂಡು ಅಮೆರಿಕ ಎರಡು ಕಡೆಯೂ ಮೊದಲ ಸ್ಥಾನಕ್ಕೇರಿತು. ಚದುರಿದ ನಾಲ್ವರಲ್ಲಿ ಆ ಸ್ಥಾನವನ್ನು ಮೊದಲು ಮುಟ್ಟಿದವನು ಮೂರನೆಯವನೇ! ಯಶಸ್ಸಿನ ಜೊತೆಗೆ ಕಷ್ಟವೂ ಬಂತು. ಅದರ ಧಾಟಿ ಬೇರೊಂದು ಹಳೆಯ ಹಾಡಿನದೆಂದು ಮೊಕದ್ದಮೆ ಹೂಡಲಾಯಿತು. ತಿಳಿಯದೆಯೇ ಅನುಕರಿಸಿದ್ದಾನೆಂದು ಅಮೆರಿಕದ ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ತನ್ನ ಹೆಸರಿನಲ್ಲಿ ಒಲೆ ಹೂಡಿದವನಿಗೆ ಸುಟ್ಟ ಬೆರಳೂ ತನ್ನದೇ.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ನಡೆದ ಸಂಗೀತ ಸಭೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಪೂರ್ವ ಬಂಗಾಳದಲ್ಲಿ ಮೊದಲು ಚಂಡಮಾರುತ, ಬಳಿಕ ಯುದ್ಧ. ಲಕ್ಷಾಂತರ ಕುಟುಂಬಗಳು ಗಡಿ ದಾಟಿ ಭಾರತಕ್ಕೆ ಬರುತ್ತಿದ್ದ ಕಾಲವದು. ಬಂಗಾಳಿಗಳಾದ ರವಿಶಂಕರರು ತಮ್ಮ ಶಿಷ್ಯನಲ್ಲಿ ಮನಸ್ಸಿನ ನೋವನ್ನು ತೋಡಿಕೊಂಡರು. ಹ್ಯಾರಿಸನ್ ಕೆಲವೇ ವಾರಗಳಲ್ಲಿ ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್, ರಿಂಗೋ ಸ್ಟಾರ್ ಮೊದಲಾದವರನ್ನು ಒಂದೇ ವೇದಿಕೆಗೆ ಕರೆತಂದ. ಸಭೆಯ ಮೊದಲ ಭಾಗ ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಗಳಿಗೆ ಮೀಸಲಾಯಿತು. ಮಧ್ಯಾಹ್ನ ಒಂದು, ಸಂಜೆ ಒಂದು, ಎರಡು ಸಭೆಗಳಿಗೂ ಸೇರಿ ಸುಮಾರು 40,000 ಜನ ಬಂದರು. ಟಿಕೆಟ್ಟಿನಿಂದ ಕೂಡಿದ 2,43,418 ಡಾಲರುಗಳು ಯುನಿಸೆಫ್ ಸಂಸ್ಥೆಗೆ ಸಂದವು. ಧ್ವನಿಮುದ್ರಿಕೆ ಮತ್ತು ಚಲನಚಿತ್ರಗಳಿಂದ ಬಂದ ಹಣ ತೆರಿಗೆಯ ತೊಡಕಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು ಎಂಬುದು ಬೇರೆ ಮಾತು. ಎರಡು ಹಾಡುಗಳ ಪಾಲಿಗಾಗಿ ಕಾದು ಕುಳಿತಿದ್ದವನು, ತನ್ನ ವೇದಿಕೆ ತನಗೆ ದೊರೆತೊಡನೆ, ಅದರ ಮೊದಲ ಸ್ಥಾನವನ್ನು ಗುರುವಿಗೆ ಬಿಟ್ಟುಕೊಟ್ಟ.

ನಡುವೆ ಬಂದ ಒಂದು ಹಾಡು

ಬೀಟಲ್ಸರ ಕಥೆಗೆ ಹತ್ತು ವರ್ಷಗಳ ಬಳಿಕ, ಅಮೆರಿಕದ ನ್ಯೂಯಾರ್ಕಿನಲ್ಲಿ ಇನ್ನೊಂದು ಮನೆಯ ಕಥೆ ನಡೆಯಿತು. 'ಟಾಕಿಂಗ್ ಹೆಡ್ಸ್' ಎಂಬ ತಂಡದಲ್ಲಿ ಡೇವಿಡ್ ಬೈರ್ನ್ ಮುಖ್ಯ ಗಾಯಕ. ಬೇಸ್ ಗಿಟಾರಿನ ಟೀನಾ ವೇಮೌತ್ ಮತ್ತು ಡ್ರಮ್ಮಿನ ಕ್ರಿಸ್ ಫ್ರಾಂಟ್ಸ್ ದಂಪತಿಗಳು. ನಾಲ್ಕನೆಯವನು ಜೆರಿ ಹ್ಯಾರಿಸನ್. 1980ರಲ್ಲಿ ಬಂದ 'ರಿಮೇನ್ ಇನ್ ಲೈಟ್' ಆಲ್ಬಮಿನ ಸಂಗೀತವನ್ನು ಎಲ್ಲರೂ ಕೂಡಿಯೇ ನುಡಿಸುತ್ತ ಕಟ್ಟಿದ್ದರು. ಹೊರಬಂದ ತಟ್ಟೆಯ ಮೇಲೆ ನೋಡಿದರೆ, ಬೈರ್ನನ ಹೆಸರು, ನಿರ್ಮಾಪಕ ಬ್ರಯನ್ ಈನೋನ ಹೆಸರು ಬೇರೆಬೇರೆಯಾಗಿ ಅಚ್ಚಾಗಿದ್ದವು. ಉಳಿದ ಮೂವರು ತಂಡದ ಹೆಸರಿನೊಳಗೆ ಅಡಗಿಹೋಗಿದ್ದರು. ಮನಸ್ಸುಗಳು ಕಹಿಯಾದುದರಲ್ಲಿ ಆಶ್ಚರ್ಯವಿಲ್ಲ.

ಬಳಿಕ ಬೈರ್ನ್ ಈನೋನೊಡನೆ ಬೇರೆ ಆಲ್ಬಂ ತಂದ. ಜೆರಿ ಹ್ಯಾರಿಸನ್ ತನ್ನದೊಂದನ್ನು ತಂದ. ದಂಪತಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಬಹಾಮಾ ದ್ವೀಪಗಳ ನಸ್ಸಾವಿನಲ್ಲಿದ್ದ ಸ್ಟುಡಿಯೋಗೆ ಹೋಗಿ, ಟೀನಾಳ ಸೋದರಿಯರನ್ನು ಹಾಡಲು ಕರೆದುಕೊಂಡು, 1981ರಲ್ಲಿ 'ಟಾಮ್ ಟಾಮ್ ಕ್ಲಬ್' ಎಂಬ ಹೊಸ ತಂಡದ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದರು. ಮೂಲ ತಂಡದ ಗಾಂಭೀರ್ಯ, ಚಿಂತೆ ಯಾವುದೂ ಅದರಲ್ಲಿಲ್ಲ. ಮಕ್ಕಳ ಆಟದ ಹಾಡಿನ ಹಗುರ, ಕುಣಿಯಲು ಕರೆಯುವ ತಾಳ. 'ಜೀನಿಯಸ್ ಆಫ್ ಲವ್' ಎಂಬ ಅದರ ಹಾಡು ನೃತ್ಯಶಾಲೆಗಳಲ್ಲಿ ಮೊಳಗಿತು. ಆ ಹಾಡಿನ ತಾಳದ ಎಳೆಯನ್ನು ಅನಂತರದ ಗಾಯಕರು ಎಷ್ಟೋ ಬಾರಿ ಎತ್ತಿ ತಮ್ಮ ಹಾಡುಗಳಿಗೆ ಹೊಸೆದುಕೊಂಡರು. 1995ರಲ್ಲಿ ಮರಾಯಾ ಕೇರಿ ಅದರ ಮೇಲೆ ಕಟ್ಟಿದ 'ಫ್ಯಾಂಟಸಿ' ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು.

1983ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ರಂಗಮಂದಿರವೊಂದರಲ್ಲಿ ಟಾಕಿಂಗ್ ಹೆಡ್ಸ್ ತಂಡದ ಕಾರ್ಯಕ್ರಮವನ್ನು ಜೊನಾಥನ್ ಡೆಮಿ ಚಿತ್ರೀಕರಿಸಿದ. 'ಸ್ಟಾಪ್ ಮೇಕಿಂಗ್ ಸೆನ್ಸ್' ಎಂದು ಅದು ಮರುವರ್ಷ ಬಿಡುಗಡೆಯಾಯಿತು. ಅದರ ನಡುವೆ ಬೈರ್ನ್ ವೇದಿಕೆಯಿಂದ ಹೊರಗೆ ಹೋಗುತ್ತಾನೆ. ಆ ಹೊತ್ತಿನಲ್ಲಿ ಟೀನಾ ಮತ್ತು ಕ್ರಿಸ್ ಟಾಮ್ ಟಾಮ್ ಕ್ಲಬ್ಬಿನ ಹಾಡನ್ನು ಹಾಡುತ್ತಾರೆ. ಹಾಡು ಮುಗಿದ ಮೇಲೆ ಬೈರ್ನ್, ಈಗ ಜಗತ್ಪ್ರಸಿದ್ಧವಾಗಿರುವ ತನ್ನ ಆನೆಗಾತ್ರದ ಸೂಟನ್ನು ತೊಟ್ಟು ಮರಳಿ ಬರುತ್ತಾನೆ. ಗಾಯಕ ಬಟ್ಟೆ ಬದಲಿಸುವ ಬಿಡುವಿಗೆ ಒಂದು ಹಾಡು ಎಂದು ಯಾರಾದರೂ ಹಗುರವಾಗಿ ಹೇಳಬಹುದು. ಆದರೆ ಕಂಡವರಿಗೆ ಅದು ಕಚೇರಿಯ ನಡುವಿನ ತನಿಯಂತೆಯೇ ತೋರುತ್ತದೆ. ಹಿಂದೆ ನಿಂತು ಬೇಸ್ ನುಡಿಸುತ್ತಿದ್ದಾಕೆ ಮುಂದೆ ಬರುತ್ತಾಳೆ. ಆಕೆಯ ಮುಖದಲ್ಲಿ ಅರಳುವ ಸಂತೋಷ ಇಡೀ ಚಿತ್ರದ ಅತ್ಯಂತ ಸಹಜವಾದ ಗಳಿಗೆಗಳಲ್ಲಿ ಒಂದು.

ಆ ಏರ್ಪಾಡು ಬಹುಕಾಲ ಬಾಳಲಿಲ್ಲ. 1991ರಲ್ಲಿ ತಂಡ ಮುಗಿಯಿತೆಂದು ಬೈರ್ನ್ ವೃತ್ತಪತ್ರಿಕೆಯೊಂದಕ್ಕೆ ಹೇಳಿದ; ತಮಗೆ ಆ ಸಂಗತಿ ಪತ್ರಿಕೆಯಿಂದಲೇ ತಿಳಿಯಿತೆಂದು ಉಳಿದವರು ಹೇಳಿಕೊಂಡಿದ್ದಾರೆ. 1996ರಲ್ಲಿ ಮೂವರೂ ಸೇರಿ 'ದಿ ಹೆಡ್ಸ್' ಎಂಬ ಹೆಸರಿನಲ್ಲಿ ಹಾಡಲು ಹೊರಟಾಗ ಬೈರ್ನ್ ಹೆಸರಿಗಾಗಿ ಮೊಕದ್ದಮೆ ಹೂಡಿದ, ಕೊನೆಗೆ ರಾಜಿಯಾಯಿತು. ಮನೆ ಪಾಲಾಗುವಾಗ ಪಾತ್ರೆಪಡಗಗಳನ್ನು ಹಂಚಿಕೊಳ್ಳಬಹುದು. ಮನೆತನದ ಹೆಸರನ್ನು ಹಂಚುವುದು ಹೇಗೆ? 2023ರಲ್ಲಿ ಆ ಹಳೆಯ ಚಿತ್ರ ಮತ್ತೆ ತೆರೆಕಂಡಾಗ ನಾಲ್ವರೂ ಟೊರಾಂಟೋದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಜನರೊಡನೆ ಮಾತನಾಡಿದರು. ಹಾಡಲಿಲ್ಲ; ಕುಳಿತರಲ್ಲ, ಅಷ್ಟೇ ಸಾಕೆಂದರು ಅಭಿಮಾನಿಗಳು.

ಹೋಗಿ ಬಾ ಎಂದ ಮನೆ

ಹಾಗಾದರೆ ಎರಡು ಒಲೆಯಿರುವ ಮನೆ ಉಳಿಯುವುದೇ ಇಲ್ಲವೆ? ಉಳಿದ ಮನೆಯೂ ಉಂಟು. ಅದು ಇಂಗ್ಲೆಂಡಿನ 'ಜೆನೆಸಿಸ್' ತಂಡ.

ಈ ತಂಡವೂ ಮೊದಲಿಗೆ ನೋವನ್ನು ಉಂಡೇ ಕಲಿತದ್ದು. ಮುಖ್ಯ ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರಟುಹೋದ. ಅದೇ ವರ್ಷ ಗಿಟಾರಿನ ಸ್ಟೀವ್ ಹ್ಯಾಕೆಟ್ ತನ್ನ ಹೆಸರಿನ ಆಲ್ಬಂ ತಂದ. ತಂಡದ ತಟ್ಟೆಗಳಲ್ಲಿ ತನ್ನ ಹಾಡುಗಳಿಗೂ ನಿಶ್ಚಿತವಾದ ಪಾಲು ಬೇಕೆಂದ. ಅದು ಸಿಕ್ಕದೆ ಹೋಗಲು 1977ರಲ್ಲಿ ಆತನೂ ಹೊರಬಂದ. ಉಳಿದವರು ಮೂವರು: ಟೋನಿ ಬ್ಯಾಂಕ್ಸ್, ಮೈಕ್ ರದರ್‌ಫರ್ಡ್, ಮತ್ತು ಡ್ರಮ್ಮಿನವನಾಗಿದ್ದು ಗಾಯಕನಾದ ಫಿಲ್ ಕಾಲಿನ್ಸ್.

ಅಷ್ಟರಲ್ಲಿ ಕಾಲಿನ್ಸನ ದಾಂಪತ್ಯ ಒಡೆಯುವ ಸ್ಥಿತಿಗೆ ಬಂತು. ಅದನ್ನು ಉಳಿಸಿಕೊಳ್ಳಲು ಆತ ಕೆನಡಾಕ್ಕೆ ಹೋದ. ತಂಡ ಆತನನ್ನು ತಡೆಯಲಿಲ್ಲ, ಕಾದಿತು. ಕಾದ ಕಾಲದಲ್ಲಿ ಬ್ಯಾಂಕ್ಸ್ ಮತ್ತು ರದರ್‌ಫರ್ಡ್ ತಮ್ಮ ತಮ್ಮ ಸ್ವಂತ ಆಲ್ಬಮುಗಳನ್ನು ಮುಗಿಸಿಕೊಂಡರು. ಸಂಸಾರ ಉಳಿಯದೆ ಕಾಲಿನ್ಸ್ ಒಬ್ಬನೇ ಹಿಂದಿರುಗಿದ. ಬರಿದಾದ ಮನೆಯಲ್ಲಿ ಕುಳಿತು, ಡ್ರಮ್ಮಿನ ಯಂತ್ರವೊಂದನ್ನು ಎದುರಿಗಿಟ್ಟುಕೊಂಡು, ಮನಸ್ಸಿನ ಕೊರಗನ್ನೆಲ್ಲ ಹಾಡು ಮಾಡಿದ. ಅವು 1981ರಲ್ಲಿ 'ಫೇಸ್ ವ್ಯಾಲ್ಯೂ' ಎಂಬ ಆಲ್ಬಮಾಗಿ ಬಂದು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿದವು. ಡ್ರಮ್ಮಿನವನು ಒಮ್ಮಿಂದೊಮ್ಮೆಗೆ ತಂಡಕ್ಕಿಂತ ದೊಡ್ಡ ಹೆಸರಾದ.

ಇಂಥ ಹೊತ್ತಿನಲ್ಲಿ ಬಹಳ ತಂಡಗಳು ಮುರಿದು ಬಿದ್ದಾವು. ಜೆನೆಸಿಸ್ ಮುರಿಯಲಿಲ್ಲ. ಕ್ರಮಕ್ರಮವಾಗಿ ಒಂದು ಪದ್ಧತಿ ಅಲ್ಲಿ ಬೆಳೆಯಿತು. ಒಬ್ಬೊಬ್ಬರು ಒಂಟಿಯಾಗಿ ಕಟ್ಟಿದ ಹಾಡು ಅವರವರ ಸ್ವಂತ ಆಲ್ಬಮಿಗೆ. ತಂಡದ ಆಲ್ಬಮಿಗೆ ಮಾತ್ರ ಮೂವರೂ ಒಂದೇ ಕೋಣೆಯಲ್ಲಿ ಕುಳಿತು ನುಡಿಸುತ್ತ ಕಟ್ಟಿದ್ದು. 1983ರ ಆಲ್ಬಮಿನಲ್ಲಿ ಪ್ರತಿಯೊಂದು ಹಾಡಿಗೂ ಮೂವರ ಹೆಸರೂ ಇದೆ. ಯಾರ ಹಾಡು ಒಳಗೆ, ಯಾರದು ಹೊರಗೆ ಎಂಬ ಜಗಳಕ್ಕೆ ಆಸ್ಪದವೇ ಉಳಿಯಲಿಲ್ಲ. ಸ್ವಂತ ಒಲೆ ಹಿತ್ತಿಲಲ್ಲಿ ಉರಿಯುತ್ತಿದ್ದುದರಿಂದಲೇ ದೊಡ್ಡ ಒಲೆಯ ಮುಂದೆ ಮೂವರೂ ನಗುಮುಖದಿಂದ ಕುಳಿತುಕೊಳ್ಳಲು ಸಾಧ್ಯವಾಯಿತು.

ರದರ್‌ಫರ್ಡ್ ಕೂಡ 1985ರಲ್ಲಿ 'ಮೈಕ್ ಅಂಡ್ ದಿ ಮೆಕ್ಯಾನಿಕ್ಸ್' ಎಂಬ ಪಕ್ಕದ ತಂಡವನ್ನು ಕಟ್ಟಿಕೊಂಡ. ನೌಕಾದಳದ ಅಧಿಕಾರಿಯಾಗಿದ್ದ ಆತನ ತಂದೆ 1986ರಲ್ಲಿ ತೀರಿಕೊಂಡರು. ಆತನ ಜೊತೆ ಹಾಡು ರಚಿಸುತ್ತಿದ್ದ ಬಿ. ಎ. ರಾಬರ್ಟ್‌ಸನ್ ಸಹ ಆಗತಾನೆ ತಂದೆಯನ್ನು ಕಳೆದುಕೊಂಡಿದ್ದ. ತಂದೆ ಬದುಕಿರುವಾಗ ಹೇಳಬೇಕಾಗಿದ್ದ ಮಾತನ್ನು ಹೇಳದೆ ಉಳಿದ ಮಗನ ಸಂಕಟವೇ 'ದಿ ಲಿವಿಂಗ್ ಇಯರ್ಸ್' ಎಂಬ ಹಾಡಾಗಿ, 1989ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು. ಹಾಡಿದವನು ಪಾಲ್ ಕ್ಯಾರಕ್. ದೊಡ್ಡ ತಂಡದ ಗದ್ದಲದಲ್ಲಿ ಇಷ್ಟು ಮೆಲ್ಲನೆಯ ಮಾತಿಗೆ ಎಡೆ ಸಿಕ್ಕುತ್ತಿತ್ತೋ ಇಲ್ಲವೋ ಹೇಳಲಾಗದು.

ಈ ಮನೆಯ ಇನ್ನೊಂದು ಸ್ವಾರಸ್ಯವೂ ಉಂಟು. 1986ರ ಜುಲೈನಲ್ಲಿ ಅಮೆರಿಕದ ಮೊದಲ ಸ್ಥಾನದಲ್ಲಿದ್ದದ್ದು ಜೆನೆಸಿಸ್ ತಂಡದ 'ಇನ್ವಿಸಿಬಲ್ ಟಚ್'. ಅದನ್ನು ಕೆಳಗಿಳಿಸಿ ಆ ಸ್ಥಾನಕ್ಕೇರಿದ ಹಾಡು 'ಸ್ಲೆಡ್ಜ್‌ಹ್ಯಾಮರ್'. ಹಾಡಿದವನು ಹನ್ನೊಂದು ವರ್ಷ ಮೊದಲು ಮನೆ ಬಿಟ್ಟಿದ್ದ ಪೀಟರ್ ಗೇಬ್ರಿಯಲ್! 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ತಂಡದ ಕಡೆಯ ಕಚೇರಿ ನಡೆದಾಗ ಅದೇ ಗೇಬ್ರಿಯಲ್ ಪ್ರೇಕ್ಷಕರ ನಡುವೆ ಇದ್ದ. ಅನಾರೋಗ್ಯದಿಂದ ಡ್ರಮ್ ಬಾರಿಸಲಾಗದ ಕಾಲಿನ್ಸ್ ಕುರ್ಚಿಯ ಮೇಲೆ ಕುಳಿತು ಹಾಡಿದ. ಆತನ ಹಿಂದೆ, ಒಂದು ಕಾಲದಲ್ಲಿ ಆತನೇ ಕುಳಿತಿದ್ದ ಸ್ಥಾನದಲ್ಲಿ, ಡ್ರಮ್ ಬಾರಿಸಿದವನು ಮಗ ನಿಕ್.

ಗ್ಯಾರೇಜಿನಲ್ಲಿ ಐವರು

ಕೊನೆಗೆ, ಹ್ಯಾರಿಸನ್ನನ ಕಥೆಯ ಉಳಿದ ಭಾಗವನ್ನು ಹೇಳಬೇಕು. 1988ರಲ್ಲಿ ಆತನಿಗೆ ಚಿಕ್ಕ ತಟ್ಟೆಯೊಂದರ ಹಿಂಬದಿಗೆ ಹಾಡು ಬೇಕಾಗಿತ್ತು. ಲಾಸ್ ಏಂಜಲಿಸ್‌ನಲ್ಲಿ ಗೆಳೆಯ ಜೆಫ್ ಲಿನ್ ಮತ್ತು ಹಿರಿಯ ಗಾಯಕ ರಾಯ್ ಆರ್ಬಿಸನ್ ಜೊತೆಯಾದರು. ಸ್ಟುಡಿಯೋ ಬೇಕೆಂದು ಬಾಬ್ ಡಿಲನ್ನನನ್ನು ಕೇಳಿದರು. ಮಾಲಿಬುವಿನ ಆತನ ಮನೆಯ ಗ್ಯಾರೇಜು ದೊರೆಯಿತು. ಹ್ಯಾರಿಸನ್ನನ ಗಿಟಾರು ಟಾಮ್ ಪೆಟ್ಟಿಯ ಮನೆಯಲ್ಲಿತ್ತು. ತರಲು ಹೋದಾಗ ಆತನನ್ನೂ ಕರೆತಂದದ್ದಾಯಿತು. ಗ್ಯಾರೇಜಿನಲ್ಲಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ 'ಹ್ಯಾಂಡಲ್ ವಿತ್ ಕೇರ್', ಅಂದರೆ 'ಜೋಪಾನ', ಎಂದು ಅಚ್ಚಾಗಿತ್ತು. ಅದೇ ಹಾಡಿನ ಹೆಸರಾಯಿತು! ಕೇಳಿದ ಧ್ವನಿಮುದ್ರಣ ಸಂಸ್ಥೆಯವರು, ಇದು ಹಿಂಬದಿಗೆ ಹಾಕುವಂಥದಲ್ಲವೆಂದರು. ಐವರೂ ಮತ್ತೆ ಕುಳಿತು ಪೂರ್ತಿ ಆಲ್ಬಂ ಮಾಡಿದರು.

ಆ ತಂಡದ ಹೆಸರು 'ಟ್ರಾವೆಲಿಂಗ್ ವಿಲ್ಬರೀಸ್'. ತಟ್ಟೆಯ ಮೇಲೆ ಅವರಾರ ನಿಜವಾದ ಹೆಸರೂ ಇರಲಿಲ್ಲ. ಒಬ್ಬ ಕಾಲ್ಪನಿಕ ತಂದೆಯ ಐವರು ಮಕ್ಕಳೆಂದು ನೆಲ್ಸನ್, ಓಟಿಸ್, ಲಕ್ಕಿ, ಲೆಫ್ಟಿ, ಚಾರ್ಲಿ ಎಂಬ ಹೆಸರುಗಳನ್ನು ಇಟ್ಟುಕೊಂಡಿದ್ದರು. ಐವರೂ ಬೇರೆಬೇರೆ ಮನೆಗಳ ಯಜಮಾನರು. ಇಲ್ಲಿ ಯಾರೂ ಯಜಮಾನರಲ್ಲ. ಒಬ್ಬ ಹಾಡಿದಾಗ ಉಳಿದ ನಾಲ್ವರು ಪಕ್ಕವಾದ್ಯದವರು. ಆಲ್ಬಂ ಹೊರಬಂದ ಎರಡು ತಿಂಗಳೊಳಗೆ, 1988ರ ಡಿಸೆಂಬರ್ 6ರಂದು, ಆರ್ಬಿಸನ್ ತೀರಿಕೊಂಡ. ಬಳಿಕ ತೆಗೆದ ದೃಶ್ಯಚಿತ್ರದಲ್ಲಿ ಆತನ ದನಿ ಬರುವಾಗ ಕಾಣುವುದು ತೂಗುವ ಒಂದು ಕುರ್ಚಿ, ಅದರಲ್ಲಿ ಒರಗಿಸಿಟ್ಟ ಒಂದು ಗಿಟಾರು.

ಎರಡು ಹಾಡುಗಳ ಪಾಲಿಗಾಗಿ ನೊಂದಿದ್ದ ಮೂರನೆಯವನು ಮೂರು ತಟ್ಟೆಗಳಷ್ಟು ಹಾಡಿ ಮುಗಿಸಿದ ಮೇಲೆ, ತಾನೇ ಕೂಡಿಸಿದ ತಂಡದಲ್ಲಿ ಹೆಸರನ್ನು ಮರೆಸಿಕೊಂಡು ಐದರಲ್ಲಿ ಒಬ್ಬನಾಗಿ ಕುಳಿತದ್ದು ವಿಚಾರ ಮಾಡತಕ್ಕ ಸಂಗತಿ. ಹೇಳಬೇಕಾದುದನ್ನು ಹೇಳಿ ಹಗುರಾದವನಿಗೆ ಮತ್ತೊಬ್ಬರ ಹಿಂದೆ ನುಡಿಸುವುದು ಅವಮಾನವಲ್ಲ, ಸುಖ. ಹೇಳಲು ಬಿಡದೆ ಹಿಂದೆ ಕೂರಿಸಿದವನಿಗೆ ಮಾತ್ರ ಆ ಸ್ಥಾನ ಮುಳ್ಳಾಗುತ್ತದೆ. ಮನೆ ಉಳಿಯಬೇಕೆಂಬ ಹಿರಿಯರು ಎರಡನೆಯ ಒಲೆಯನ್ನು ಕಂಡು ಬೆದರುವುದಕ್ಕೆ ಮೊದಲು, ಅದನ್ನು ಹೂಡಿದವನ ಹಾಡನ್ನು ತಾವು ಎಂದಾದರೂ ಕೊನೆಯವರೆಗೆ ಕೇಳಿದ್ದೆವೇ ಎಂದು ತಮ್ಮನ್ನು ಕೇಳಿಕೊಳ್ಳುವುದು ಒಳ್ಳೆಯದು.